ಲವಂಗದ ಪ್ರಶ್ನೆ

ನಮ್ಮ ಮನೆಯಲ್ಲಿ ಅನ್ನದ ಮೇಲೆ ತುಪ್ಪ ಬೀಳಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ತುಪ್ಪದ ಮಿಳ್ಳೆ ಅಣ್ಣನ ಕೈಯಲ್ಲಿರುತ್ತಿತ್ತು. ಅಣ್ಣ ಅಂದರೆ ನಮ್ಮ ತಂದೆ. ನಾನೂ ಅತ್ತೆಯೂ ಅವರನ್ನು ಹಾಗೇ ಕರೆಯುತ್ತಿದ್ದೆವು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಅವರು ದಿನವಿಡೀ ಬೇರೆಯವರು ಬರೆದ ಫೈಲುಗಳಲ್ಲಿ ತಪ್ಪು ಹುಡುಕಿ ಮನೆಗೆ ಬರುತ್ತಿದ್ದರು. ಸಂಜೆ ಏಳೂವರೆಗೆ ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ ಮಣೆ ಹಾಕಿ ಕೂತರೆ, ಸಾರಿನನ್ನ ಕಲಸುವ ಮೊದಲು ಮಿಳ್ಳೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಭೂತಾನದ ರಾಜಧಾನಿ ಯಾವುದು, ಇಬ್ಬನಿ ಹೇಗೆ ಬೀಳುತ್ತದೆ, ವರ್ಗಮೂಲ ಅಂದರೇನು. ಉತ್ತರ ಬಂದರೆ ತುಪ್ಪ. ಬರದಿದ್ದರೂ ತುಪ್ಪ ಬೀಳುತ್ತಿತ್ತು, ಆದರೆ ಅದಕ್ಕೆ ಮುಂಚೆ ಅಣ್ಣ ಒಂದು ಸಲ ಗೋಡೆ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ಬೇಡವೆಂದೇ ನಾನು ಎಂಟು ವರ್ಷದವಳಿದ್ದಾಗಿನಿಂದ ಓದಿದೆ. ಸೀತತ್ತೆಗೆ ಅದರ ಭಯವಿರಲಿಲ್ಲ. ಅಣ್ಣನ ತಂಗಿ ಅವರು, ಮದುವೆಯಾಗಿರಲಿಲ್ಲ, ಬ್ಯಾಂಕಿನಲ್ಲಿ ಕೆಲಸ. ಮಿಳ್ಳೆ ತಮ್ಮ ಮುಂದೆ ಬಂದ ಕೂಡಲೇ ಹೇಳಿಬಿಡುತ್ತಿದ್ದರು:

"ನಂಗೊತ್ತಿಲ್ಲ ಅಣ್ಣ. ಬಡಿಸು, ಅನ್ನ ಆರ್ತಿದೆ."

ಅಣ್ಣನಿಗೆ ತಿಳಿಯದ ವಿಷಯವೂ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ. ಅವರು ಹೇಳಿದ್ದನ್ನು ಪುಸ್ತಕ ತೆಗೆದು ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಮ್ಮ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಇನ್ನೊಂದು ಸೌಟು ಹಾಕಲೇ ಎಂದು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಟೀವಿ ಚಾನೆಲ್ಲೊಂದು ಹೈಸ್ಕೂಲು ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ಶುರುಮಾಡಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ರಸಾರ. ಒಂದೊಂದು ಶಾಲೆಯಿಂದ ಇಬ್ಬರು. ಬಸವನಗುಡಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಇಟ್ಟರು. ನಾಗರತ್ನ ಅನ್ನುವ ಹುಡುಗಿ ಮೊದಲು ಬಂದಳು, ನಾನು ಎರಡನೆಯವಳು. ರತ್ನ ಮಾವಳ್ಳಿಯಿಂದ ನಡೆದು ಬರುತ್ತಿದ್ದಳು. ಅವಳ ಅಪ್ಪ ಮುನಿಯಪ್ಪ ಲಾಲ್‌ಬಾಗಿನಲ್ಲಿ ಮಾಲಿ, ಸರ್ಕಾರಿ ಕೆಲಸ. ಊಟದ ಬಿಡುವಿನಲ್ಲಿ ಶಾಲೆಯ ಲೈಬ್ರರಿ ಬೀರುವಿನ ಬೀಗದ ಕೈ ಅವಳ ಹತ್ತಿರ ಇರುತ್ತಿತ್ತು. ಪುಸ್ತಕಗಳ ಧೂಳು ಒರೆಸುವ ಕೆಲಸ ಅವಳದು. ಒರೆಸಿದ ಪುಸ್ತಕವನ್ನೆಲ್ಲ ಅವಳು ಓದುತ್ತಾಳೆ ಎನ್ನುವುದು ಆ ಪರೀಕ್ಷೆಯ ತನಕ ಯಾರಿಗೂ ಗೊತ್ತಿರಲಿಲ್ಲ. ಆದರೂ ನಮ್ಮ ಸರೋಜಾ ಮೇಡಂ ನನ್ನನ್ನು ಕ್ಯಾಪ್ಟನ್ ಮಾಡಿದರು. ಕಾರಣವನ್ನೂ ರತ್ನಳ ಎದುರಿಗೇ ಹೇಳಿದರು:

"ಶೈಲಜಾ ಮಾತು ಸ್ಪಷ್ಟ, ಟೀವಿಲಿ ಚೆನ್ನಾಗಿರತ್ತೆ. ರತ್ನ, ನೀನು ಅವಳ ಕಿವೀಲಿ ಹೇಳು, ಸಾಕು."

ಮನೆಗೆ ಬಂದು ನಾನು ಕ್ಯಾಪ್ಟನ್ ಆದೆ ಎಂದೆ. ಎರಡನೆಯವಳಾಗಿ ಬಂದೆ ಅನ್ನುವುದನ್ನು ಹೇಳಲಿಲ್ಲ, ಅಣ್ಣನೂ ಕೇಳಲಿಲ್ಲ. ಕ್ಯಾಪ್ಟನ್ ಆದವಳು ಮೊದಲನೆಯವಳೇ ಎಂದು ಅವರು ತಿಳಿದುಕೊಂಡರು. ಆ ದಿನ ನನ್ನ ತಟ್ಟೆಗೆ ಪ್ರಶ್ನೆಯಿಲ್ಲದೆ ತುಪ್ಪ ಬಿತ್ತು.

ತಯಾರಿಗೆಂದು ರತ್ನ ಶನಿವಾರ ಮಧ್ಯಾಹ್ನಗಳಲ್ಲಿ ನಮ್ಮ ಮನೆಗೆ ಬರತೊಡಗಿದಳು. ನನ್ನ ಬೇರೆ ಗೆಳತಿಯರು ಬಂದರೆ ಚಪ್ಪಲಿ ಬಿಟ್ಟು ನೇರ ಹಿಂದಿನ ಕೋಣೆಯ ತನಕ ಓಡುತ್ತಿದ್ದರು. ರತ್ನಳನ್ನು ಅಮ್ಮ ವೆರಾಂಡದಲ್ಲೇ ಕೂರಿಸಿದರು. ಕೂರಿಸಿದ್ದು ಚೆನ್ನಾಗಿಯೇ, ಕುರ್ಚಿ, ಫ್ಯಾನು, ತಟ್ಟೆ ತುಂಬ ಕೋಡುಬಳೆ. ಒಳಗೆ ಯಾಕೆ ಕರೆಯಲಿಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ವಿಷಯ ಅದು ಎಂದೇ ಆಗ ಅನ್ನಿಸಿರಲಿಲ್ಲ ಎಂದು ಬರೆಯಬಹುದು, ಆದರೆ ಅದು ನಿಜವಲ್ಲ. ಅನ್ನಿಸಿತ್ತು; ಕೇಳಿದರೆ ಏನು ಉತ್ತರ ಬರುತ್ತದೆ ಎಂದೂ ಗೊತ್ತಿತ್ತು. ಅಣ್ಣ ಈಸಿಚೇರಿನಲ್ಲಿ ಕೂತು ನಮ್ಮಿಬ್ಬರಿಗೂ ಪ್ರಶ್ನೆ ಹಾಕುತ್ತಿದ್ದರು. ಗೊತ್ತಿಲ್ಲದಿದ್ದರೆ ರತ್ನ "ಗೊತ್ತಿಲ್ಲ ಸಾರ್" ಎನ್ನುತ್ತಿದ್ದಳು, ಬಸ್ಸು ಬಂದಿಲ್ಲ ಅನ್ನುವಷ್ಟು ಸಲೀಸಾಗಿ. ನಾನು ಮಾತ್ರ ಏನಾದರೊಂದು ಹೇಳಿಯೇ ತೀರುತ್ತಿದ್ದೆ. ಒಂದು ಸಲ ಅಣ್ಣ ಅವಳು ಹೋದ ಮೇಲೆ ಹೇಳಿದರು:

"ಹುಡುಗಿ ಚುರುಕಿದಾಳೆ. ಆದ್ರೆ ಧೈರ್ಯ ಸಾಲ್ದು. ಗೊತ್ತಿಲ್ಲ ಅಂತ ಬೇಗ ಕೈ ಚೆಲ್ತಾಳೆ."

ಚಿತ್ರೀಕರಣ ಒಂದು ಶನಿವಾರ ಮತ್ತು ಮರುದಿನ ನಡೆಯಿತು. ಪ್ರಸಾರಕ್ಕೆ ಇನ್ನೂ ತಿಂಗಳಿತ್ತು. ಸ್ಟುಡಿಯೋದಲ್ಲಿ ಎಸಿಯ ಚಳಿ, ಮುಖಕ್ಕೆ ಹಚ್ಚಿದ ಪೌಡರಿನ ವಾಸನೆ, ಕಣ್ಣಿಗೆ ಹೊಡೆಯುವ ದೀಪಗಳು. ಮೇಜಿನ ಮೇಲೆ ಒಂದೇ ಮೈಕು, ಅದು ಕ್ಯಾಪ್ಟನ್ನಿನ ಮುಂದೆ. ಇಬ್ಬರೂ ಪಿಸುಗುಟ್ಟಿ ಮಾತಾಡಿಕೊಳ್ಳಬಹುದು, ಉತ್ತರವನ್ನು ಕ್ಯಾಪ್ಟನ್ನೇ ಹೇಳಬೇಕು. ಮೊದಲ ಸುತ್ತಿನಲ್ಲಿ ಆಕ್ಟೋಪಸ್‌ಗೆ ಎಷ್ಟು ಹೃದಯ ಎಂದು ಕೇಳಿದರು. ನನಗೆ ತಿಳಿದಿರಲಿಲ್ಲ. ರತ್ನ "ಮೂರು" ಎಂದಳು, ನಾನು ಮೈಕಿನಲ್ಲಿ "ಮೂರು" ಎಂದೆ, ಚಪ್ಪಾಳೆ ಬಿತ್ತು. ಎರಡನೇ ಸುತ್ತಿನಲ್ಲಿ ಸಮುದ್ರಕುದುರೆಯ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊರುವುದು ಗಂಡೋ ಹೆಣ್ಣೋ ಎಂದು ಬಂತು. ಗಂಡು ಎಂಬ ಉತ್ತರವೂ ಅವಳದೇ. ಸೂರ್ಯನ ಬೆಳಕು ಭೂಮಿಗೆ ಬರಲು ಸುಮಾರು ಎಂಟು ನಿಮಿಷ ಬೇಕೆನ್ನುವುದು ನನ್ನದು. ಹೀಗೆ ಒಂದೇ ದಿನ ಎರಡು ಸುತ್ತು ಗೆದ್ದೆವು. ಸಂಜೆ ವ್ಯಾನಿನಲ್ಲಿ ವಾಪಸಾಗುವಾಗ ಆ ಚಪ್ಪಾಳೆಯೆಲ್ಲ ನನ್ನದೇ ಎಂಬ ಭಾವನೆ ಗಟ್ಟಿಯಾಗಿತ್ತು. ಕಿವಿಯಲ್ಲಿ ಕೇಳಿದ್ದಕ್ಕಿಂತ ಬಾಯಲ್ಲಿ ಹೇಳಿದ್ದು ಹೆಚ್ಚು ನೆನಪಿರುತ್ತದೆ.

ಭಾನುವಾರ ಮೂರನೇ ಸುತ್ತು. ಕೊನೆಯ ಪ್ರಶ್ನೆಯ ಹೊತ್ತಿಗೆ ನಾವೂ ಮಲ್ಲೇಶ್ವರದ ಒಂದು ಶಾಲೆಯವರೂ ಸಮಸಮ. ಪ್ರಶ್ನೆ ನಮ್ಮ ಮೇಜಿಗೆ ಬಂತು. ಅಡುಗೆಗೆ ಬಳಸುವ ಲವಂಗ ಆ ಗಿಡದ ಯಾವ ಭಾಗ? ನಗು ಬರುವಷ್ಟು ಸುಲಭ ಎನ್ನಿಸಿತು. ಹಿಂದಿನ ಬೇಸಿಗೆಯಲ್ಲಿ ಅಮ್ಮ ಪಲಾವ್ ಮಾಡಿದ ದಿನ ಅಣ್ಣ ಇದನ್ನೇ ಕೇಳಿದ್ದರು. ಅತ್ತೆ ಬೀಜ ಎಂದಿದ್ದರು. ಅಣ್ಣ ತಲೆಯಾಡಿಸಿ, ಬೀಜ ಅಲ್ಲ, ಒಣಗಿಸಿದ ಕಾಯಿ ಎಂದು ತಿದ್ದಿದ್ದರು. ರತ್ನ ನನ್ನ ಕಡೆ ವಾಲಿ "ಮೊಗ್ಗು" ಎಂದಳು. ನಾನು ತಲೆ ಅಲ್ಲಾಡಿಸಿದೆ. ಅವಳು ನನ್ನ ತೋಳು ಹಿಡಿದು ಮತ್ತೆ ಹೇಳಿದಳು, "ಮೊಗ್ಗು ಕಣೇ, ಹೂವಿನ ಮೊಗ್ಗು." ನಾನು ತೋಳು ಬಿಡಿಸಿಕೊಂಡೆ. ಮೂರನೇ ಸಲ ಅವಳು ಹೇಳುವಷ್ಟರಲ್ಲಿ ನಾನು ಮೈಕಿಗೆ ಬಾಗಿ "ಕಾಯಿ, ಒಣಗಿಸಿದ ಕಾಯಿ" ಎಂದಿದ್ದೆ. ಪ್ರಶ್ನೆ ಪಕ್ಕದ ಮೇಜಿಗೆ ಹೋಯಿತು. ಮಲ್ಲೇಶ್ವರದವರು "ಮೊಗ್ಗು" ಎಂದರು.

ಹೊರಡುವಾಗ ಕಾರ್ಯಕ್ರಮದವರು ಎಲ್ಲ ಮಕ್ಕಳನ್ನೂ ನಿಲ್ಲಿಸಿ, ಪ್ರಸಾರವಾಗುವ ತನಕ ಫಲಿತಾಂಶ ಮನೆಯವರಿಗೂ ಹೇಳಬಾರದು ಎಂದರು. ಬೇರೆ ಮಕ್ಕಳಿಗೆ ಅದು ಹಿಂಸೆಯಾಗಿತ್ತು. ನನಗೆ ಅದು ಬಚ್ಚಿಟ್ಟುಕೊಳ್ಳಲು ಸಿಕ್ಕ ಜಾಗ. ಮನೆ ಬಾಗಿಲಲ್ಲೇ ಅಣ್ಣ ನಿಂತಿದ್ದರು.

"ಏನಾಯ್ತು?"

"ಹೇಳ್ಬಾರ್ದು ಅಂದಿದಾರೆ ಅಣ್ಣ."

ಅಣ್ಣ ನಕ್ಕರು. ಸೋತಿದ್ದರೆ ಇಷ್ಟು ಹೊತ್ತಿಗೆ ಅಳುತ್ತಿದ್ದಳು ಎಂದು ಅಮ್ಮನಿಗೆ ಹೇಳುತ್ತಾ ಒಳಗೆ ಹೋದರು.

ಮೊದಲ ಸುತ್ತಿನ ಪ್ರಸಾರದ ದಿನ ನಮ್ಮ ಹಾಲಿನಲ್ಲಿ ಎದುರುಮನೆಯವರು, ಅಣ್ಣನ ಕಚೇರಿಯ ಇಬ್ಬರು, ಎಲ್ಲ ಸೇರಿದ್ದರು. ಅಮ್ಮ ಟೀವಿಯ ಮೇಲಿನ ಕಸೂತಿ ಬಟ್ಟೆ ತೆಗೆದು, ಗಾಜು ಒರೆಸಿ, ಯಾಕೋ ಒಂದು ಹೂವನ್ನೂ ಇಟ್ಟಿದ್ದರು. ಆಕ್ಟೋಪಸ್ಸಿನ ಮೂರು ಹೃದಯಕ್ಕೆ ಅಣ್ಣ ತೊಡೆ ತಟ್ಟಿದರು. ಇದು ನಾನು ಹೇಳಿಕೊಟ್ಟಿದ್ದಲ್ಲ, ಅವಳೇ ಓದಿದ್ದು ಎಂದು ಕಚೇರಿಯವರಿಗೆ ವಿವರಿಸಿದರು. ನಾನು ತಿದ್ದಲಿಲ್ಲ. ಹದಿನೈದು ದಿನದ ಮೇಲೆ ಎರಡನೇ ಸುತ್ತು ಬಂದಾಗ ಜನ ಇನ್ನೂ ಜಾಸ್ತಿ. ಆ ದಿನ ಎಲ್ಲ ಹೋದ ಮೇಲೆ, ಕಾಫಿ ಲೋಟಗಳನ್ನು ಎತ್ತುತ್ತಿದ್ದ ಸೀತತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಆ ಹುಡುಗಿ ಬಾಯಿ ಆಡಿದ್ಮೇಲೆ ನಿನ್ ಬಾಯಿ ಆಡತ್ತಲ್ಲೇ."

"ಇಬ್ರೂ ಮಾತಾಡ್ಕೋಬೋದು ಅತ್ತೆ. ರೂಲ್ಸಲ್ಲಿದೆ."

"ಅದು ಸರಿ. ನಿಮ್ಮಣ್ಣಂಗೆ ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ."

ನಾನು ಲೋಟ ತೊಳೆಯುತ್ತಾ ನಿಂತೆ. ಅವರು ಎರಡನೇ ಸಲ ಕೇಳಲಿಲ್ಲ. ಮರುದಿನ ಅವರು ಅಣ್ಣನಿಗೆ ಏನು ಹೇಳಿದರೋ, ಮೂರನೇ ಸುತ್ತಿಗೆ ರತ್ನಳನ್ನೂ ಅವಳ ತಂದೆಯನ್ನೂ ಕರೆಯಬೇಕೆಂದು ಅಣ್ಣ ತೀರ್ಮಾನಿಸಿದರು. ಹಾಲಿನಲ್ಲಿಯೇ. ಅಮ್ಮ ವೆರಾಂಡದ ಕುರ್ಚಿಯ ಕಡೆ ಒಂದು ಸಲ ನೋಡಿ, ಕೇಸರಿಬಾತು ಮಾಡ್ತೀನಿ ಎಂದರು. ಮಗಳು ಗೆಲ್ಲುವುದನ್ನು ಎಲ್ಲರೂ ಒಟ್ಟಿಗೆ ನೋಡುವ ಸಂಭ್ರಮದಲ್ಲಿ ಮನೆ ತನ್ನ ಹೊಸ್ತಿಲನ್ನು ಒಂದು ದಿನದ ಮಟ್ಟಿಗೆ ಸಡಿಲಿಸಿತ್ತು. ಸೋತಾಗಿದೆ ಎಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ರತ್ನ ಬರುವುದಿಲ್ಲ ಎಂದುಬಿಡಲಿ ಎಂದು ಬಯಸುತ್ತಲೇ ಶಾಲೆಯಲ್ಲಿ ಅವಳಿಗೆ ವಿಷಯ ಮುಟ್ಟಿಸಿದೆ. ಚಿತ್ರೀಕರಣದ ನಂತರ ನಾವಿಬ್ಬರೂ ಆ ಪ್ರಶ್ನೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ನಿಮ್ಮಪ್ಪಂಗೆ ಹೇಳಿದೀಯಾ, ಸೋತಿದ್ದು?"

"ಇಲ್ಲ. ಹೇಳ್ಬಾರ್ದು ಅಂದ್ರಲ್ಲ."

"ಕಷ್ಟ ಆದ್ರೆ ಬರ್ಬೇಡಿ. ನಾನು ಮನೇಲಿ ಹೇಳ್ತೀನಿ."

"ಬರ್ತೀವಿ. ಅಪ್ಪ ಎರಡನೇ ಸುತ್ತನ್ನ ಟೀವಿ ಅಂಗಡಿ ಮುಂದೆ ನಿಂತ್ಕೊಂಡು ನೋಡಿದ್ರು. ಈ ಸಲ ಕೂತ್ಕೊಂಡು ನೋಡ್ತಾರೆ."

ಮುನಿಯಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸಣ್ಣ ಕುಂಡದಲ್ಲಿ ಒಂದು ದೊಡ್ಡಪತ್ರೆ ಗಿಡ ಹಿಡಿದುಕೊಂಡು ಬಂದರು. ಮನೆಯಲ್ಲೇ ಬೆಳೆಸಿದ್ದು, ಮಕ್ಕಳ ಕೆಮ್ಮಿಗೆ ಒಳ್ಳೇದು ಎಂದರು. ಅಣ್ಣ ಅವರನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅವರು ಕುರ್ಚಿಯ ಮುಂದಿನ ಅರ್ಧದಲ್ಲಿ ಮಾತ್ರ ಕೂತರು. ರತ್ನ ಅತ್ತೆಯ ಪಕ್ಕ, ಚಾಪೆಯ ಮೇಲೆ. ನಾನು ಬಾಗಿಲ ಹತ್ತಿರ ನಿಂತೆ. ಒಂದೊಂದು ಪ್ರಶ್ನೆ ಮುಗಿದಾಗಲೂ ಅಣ್ಣ ಮುನಿಯಪ್ಪನವರ ಕಡೆ ತಿರುಗಿ ನಗುತ್ತಿದ್ದರು, ಅವರೂ ನಗುತ್ತಿದ್ದರು. ಕೊನೆಯ ಪ್ರಶ್ನೆ ಬಂತು. ಯಾವ ಪುಣ್ಯಾತ್ಮ ಕ್ಯಾಮೆರಾ ಹಿಡಿದಿದ್ದನೋ, ನಮ್ಮಿಬ್ಬರ ಮುಖ ಇಡೀ ಪರದೆ ತುಂಬಿತು. ರತ್ನಳ ತುಟಿ "ಮೊಗ್ಗು" ಎಂದಿದ್ದು ಯಾರಿಗಾದರೂ ಓದಲು ಬರುವಂತಿತ್ತು. ನನ್ನ ತಲೆ ಅಲ್ಲಾಡಿದ್ದು ಕಂಡಿತು. ಅವಳು ತೋಳು ಹಿಡಿದದ್ದು, ನಾನು ಬಿಡಿಸಿಕೊಂಡದ್ದು ಕಂಡಿತು. ಆಮೇಲೆ ನನ್ನ ಸ್ಪಷ್ಟವಾದ ಮಾತು ಹಾಲಿನಲ್ಲೆಲ್ಲ ಕೇಳಿಸಿತು. ಮಲ್ಲೇಶ್ವರದವರಿಗೆ ಚಪ್ಪಾಳೆ ಬಿದ್ದು ಜಾಹೀರಾತು ಶುರುವಾಯಿತು. ಮೊದಲು ಮಾತಾಡಿದವರು ಅಣ್ಣ:

"ಅದು ಕಾಯಿನೇ. ಅವರ ಹತ್ರ ಇರೋ ಉತ್ತರವೇ ತಪ್ಪು. ನಾಳೆ ಚಾನೆಲ್ನೋರಿಗೆ ಕಾಗದ ಬರೀತೀನಿ."

ಮುನಿಯಪ್ಪನವರು ಕೈಯೆರಡನ್ನೂ ಮಂಡಿಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದರು. ಹೇಳಲೋ ಬೇಡವೋ ಎನ್ನುವಂಥ ದನಿಯಲ್ಲಿ ಹೇಳಿದರು:

"ಮೊಗ್ಗೇ ಸಾರ್. ಕೊಡಗಿನ ಕಡೆ ಇಲಾಖೆ ತೋಟದಲ್ಲಿ ಎರಡು ವರ್ಷ ಇದ್ದೆ. ಕೆಂಪಾಗ್ತಿದ್ದಂಗೆ ಬಿಡಿಸ್ಬಿಡ್ತೀವಿ. ಅರಳೋಕೆ ಬಿಟ್ರೆ ಲವಂಗ ಇಲ್ಲ."

ಸೀತತ್ತೆ ಎದ್ದು ಅಡುಗೆಮನೆಗೆ ಹೋಗಿ ನಾಲ್ಕು ಲವಂಗ, ಒಂದು ಬಟ್ಟಲು ಬಿಸಿನೀರು ತಂದಿಟ್ಟರು. ನೆನೆದ ಲವಂಗವೊಂದನ್ನು ಮುನಿಯಪ್ಪನವರು ಅಂಗೈ ಮೇಲೆ ತೆಗೆದುಕೊಂಡು, ತುದಿಯ ಗುಂಡನ್ನು ಉಗುರಿನಿಂದ ಬಿಡಿಸಿದರು. ಒಂದರ ಮೇಲೊಂದು ಮಡಚಿಕೊಂಡಿದ್ದ ತೆಳು ಎಸಳುಗಳು ಬಿಚ್ಚಿದವು. ಒಳಗೆ ಕೂದಲಿನಂಥ ಕೇಸರಗಳು. ಆ ಅಂಗೈಯನ್ನು ಅವರು ಅಣ್ಣನ ಮುಂದೆ ಹಿಡಿದರು. ಅಣ್ಣ ಕನ್ನಡಕ ಮೇಲೆತ್ತಿ ಬಾಗಿ ನೋಡಿದರು. ಅವರು ಯಾರ ಕೈಯನ್ನಾದರೂ ಅಷ್ಟು ಹತ್ತಿರದಿಂದ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಅವಳು ಅಷ್ಟು ಹೇಳ್ತಿದ್ರೂ ನೀನ್ಯಾಕೆ ಕೇಳ್ಲಿಲ್ಲ?"

ನೀವೇ ಹೇಳಿಕೊಟ್ಟದ್ದು ಎನ್ನುವ ಮಾತು ನನ್ನ ನಾಲಗೆಯ ಮೇಲಿತ್ತು. ನಾನು ಹೇಳಲಿಲ್ಲ, ಹೇಳಿದವರು ಅತ್ತೆ.

"ಅವಳನ್ನ ಏನ್ ಕೇಳ್ತೀಯ ಅಣ್ಣ? ಪಲಾವ್ ಮಾಡಿದ ದಿನ ಕಾಯಿ ಅಂತ ಹೇಳ್ಕೊಟ್ಟೋನು ನೀನೇ."

ಅಣ್ಣ ಕನ್ನಡಕವನ್ನು ಕೆಳಗಿಳಿಸಿಕೊಂಡರು. ಟೀವಿಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ಅಮ್ಮ ಕೇಸರಿಬಾತಿನ ತಟ್ಟೆಗಳನ್ನು ತಂದು ಮೊದಲು ಮುನಿಯಪ್ಪನವರಿಗೆ ಕೊಟ್ಟರು. ಎಲ್ಲರೂ ಹಾಲಿನಲ್ಲೇ ಕೂತು ತಿಂದೆವು, ಯಾವುದೋ ಕೆಲಸ ಮುಗಿಸುವವರ ಹಾಗೆ. ಹೊರಡುವಾಗ ಅಣ್ಣ ಗೇಟಿನ ತನಕ ಹೋಗಿ ಮುನಿಯಪ್ಪನವರಿಗೆ ಏನೋ ಹೇಳಿದರು. ಏನೆಂದು ನನಗೆ ಕೇಳಿಸಲಿಲ್ಲ, ಕೊನೆಯವರೆಗೂ ಅವರು ಹೇಳಲೂ ಇಲ್ಲ. ಕಾಗದವನ್ನಂತೂ ಬರೆಯಲಿಲ್ಲ.

ಮುಂದಿನ ಎರಡು ದಿನ ನಾನು ಹಗುರವಾಗಿದ್ದೆ. ತಪ್ಪು ಅಣ್ಣನದು ಎಂದು ಅತ್ತೆಯೇ ಎಲ್ಲರ ಮುಂದೆ ಹೇಳಿಯಾಗಿತ್ತು. ಅದೇ ಸಮಾಧಾನವನ್ನು ಹೊತ್ತುಕೊಂಡು ಲೈಬ್ರರಿ ಬೀರುವಿನ ಮುಂದೆ ನಿಂತಿದ್ದ ರತ್ನಳ ಹತ್ತಿರ ಹೋದೆ.

"ಸಾರಿ ಕಣೇ. ಅಣ್ಣ ತಪ್ಪು ಹೇಳ್ಕೊಟ್ಟಿದ್ರು, ಅದಕ್ಕೇ ಹಾಗಾಯ್ತು."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೊಡವಿದಳು.

"ನಿಮ್ಮಪ್ಪ ತಪ್ಪು ಹೇಳ್ಕೊಟ್ರು, ಸರಿ. ನಾನು ಮೂರು ಸಲ ಹೇಳ್ದೆ ಶೈಲು. ನೀನು ಒಂದ್ಸಲನಾದ್ರೂ ನನ್ ಮುಖ ನೋಡಿದ್ಯಾ?"

ನೋಡಿರಲಿಲ್ಲ. ಟೀವಿಯಲ್ಲೂ ಅದು ಕಂಡಿತ್ತು. ಉದ್ದಕ್ಕೂ ನನ್ನ ಕಣ್ಣು ಮೈಕಿನ ಮೇಲೇ ಇತ್ತು. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆ. ಅವಳಿಗೆ ಸಿಟ್ಟಿರಲಿಲ್ಲ. ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸುವುದನ್ನು ಮುಂದುವರಿಸಿದಳು. ನಾನು ತರಗತಿಗೆ ಹೋದೆ. ಕಲಿತದ್ದು ಆ ಕ್ಷಣದಲ್ಲೇ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಮೂವತ್ತು ವರ್ಷದ ಮೇಲೂ ಪಕ್ಕದಲ್ಲಿರುವವರು ಮೆಲ್ಲಗೆ ಏನಾದರೂ ಹೇಳಿದರೆ ನನ್ನ ತಲೆ ಮೊದಲು ಇಲ್ಲ ಎಂದೇ ಆಡುತ್ತದೆ. ಆಮೇಲೆ ನಿಲ್ಲಿಸಿಕೊಳ್ಳುತ್ತೇನೆ. ನಿಲ್ಲಿಸಿಕೊಳ್ಳುವುದನ್ನಷ್ಟೇ ಕಲಿತದ್ದು.

ಮರುವರ್ಷ ಅದೇ ಸ್ಪರ್ಧೆ ಬಂದಾಗ ಸರೋಜಾ ಮೇಡಂ ರತ್ನಳನ್ನು ಕ್ಯಾಪ್ಟನ್ ಮಾಡಿ, ಜೊತೆಗಾರ್ತಿಯನ್ನು ನೀನೇ ಆರಿಸಿಕೋ ಎಂದರು. ಪರೀಕ್ಷೆಯಲ್ಲಿ ಆ ಸಲವೂ ನಾನು ಎರಡನೆಯವಳು. ನಾನೇ ಅವಳ ಹತ್ತಿರ ಹೋದೆ. ಮೈಕ್ ಬೇಡ, ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ ಎಂದೆ. ಅವಳು ಯೋಚಿಸಿದಳು; ಯೋಚಿಸಿದ್ದು ಹೇಗೆ ಹೇಳಲಿ ಎಂದು, ಏನು ಹೇಳಲಿ ಎಂದಲ್ಲ.

"ಬೇಡ ಶೈಲು. ನೀನು ಪಕ್ಕದಲ್ಲಿದ್ರೆ ನಂಗೆ ಗೊತ್ತಿರೋದ್ರ ಮೇಲೂ ಅನುಮಾನ ಬರತ್ತೆ."

ಎಂಟನೇ ತರಗತಿಯ ಸುಧಾ ಎನ್ನುವ ಪುಕ್ಕಲು ಹುಡುಗಿಯನ್ನು ಅವಳು ಆರಿಸಿಕೊಂಡಳು. ಆ ವರ್ಷದ ಮೊದಲ ಸುತ್ತನ್ನು ನಮ್ಮ ಹಾಲಿನಲ್ಲಿ ನಾವು ನಾಲ್ಕೇ ಜನ ನೋಡಿದೆವು. ನೋಡೋಣ ಎಂದು ಟೀವಿ ಹಾಕಿದವರು ಅಣ್ಣನೇ. ಮೈಕು ರತ್ನಳ ಮುಂದಿತ್ತು. ಪ್ರಶ್ನೆ ಬಂದಾಗಲೆಲ್ಲ, ಉತ್ತರ ಗೊತ್ತಿದೆ ಎಂದು ಅವಳ ಮುಖವೇ ಹೇಳುತ್ತಿದ್ದಾಗಲೂ, ಅವಳು ಮೈಕನ್ನು ಬಿಟ್ಟು ಸುಧಾಳ ಕಡೆ ಪೂರ್ತಿ ತಿರುಗಿ ಏನೋ ಕೇಳುತ್ತಿದ್ದಳು. ಆ ಹುಡುಗಿ ಬಹಳ ಸಲ ತಲೆ ಅಲ್ಲಾಡಿಸಿ ಕೆಳಗೆ ನೋಡುತ್ತಿದ್ದಳು. ರತ್ನ ಕಾಯುತ್ತಿದ್ದಳು. ಸಮಯ ಹೋಗ್ತಿದೆ ಎಂದು ಅಣ್ಣ ಚಡಪಡಿಸಿದರು. ಒಂದು ಪ್ರಶ್ನೆಗೆ ಮಾತ್ರ ಸುಧಾ ಬಾಯಿ ತೆರೆದು ಒಂದು ಮಾತು ಹೇಳಿದಳು. ರತ್ನಳ ಹುಬ್ಬು ಸ್ವಲ್ಪ ಮೇಲೇರಿತು. ಅವಳ ಮನಸ್ಸಿನಲ್ಲಿದ್ದ ಉತ್ತರ ಬೇರೆ ಎಂದು ನಮಗೆಲ್ಲ ಗೊತ್ತಾಯಿತು. ಅವಳು ಮತ್ತೊಂದು ಸಲ ಆ ಹುಡುಗಿಯ ಮುಖ ನೋಡಿ, ಮೈಕಿಗೆ ಬಾಗಿ, ಸುಧಾ ಹೇಳಿದ್ದನ್ನೇ ಹೇಳಿದಳು. ಅದು ತಪ್ಪಾಗಿತ್ತು. ಅಂಕ ಹೋಯಿತು. ಸುಧಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ರತ್ನ ನಗುತ್ತಾ ಅವಳ ಕೈಗಳನ್ನು ಮುಖದಿಂದ ಸರಿಸಿ, ಮುಂದಿನ ಪ್ರಶ್ನೆ ಬಂದ ಕೂಡಲೇ ಮತ್ತೆ ಅವಳ ಕಡೆಗೇ ತಿರುಗಿ ಕೇಳಿದಳು.